ಪೆಟ್ಟಿಗೆಗೆ ಬಣ್ಣ ಹಚ್ಚುವ ಮುನ್ನ

ವೈಟ್‌ಫೀಲ್ಡಿನ ಯಾವುದೇ ದೊಡ್ಡ ಅಪಾರ್ಟ್‌ಮೆಂಟಿನ ಗೇಟಿನ ಬಳಿ ಸಂಜೆ ಹೊತ್ತು ಸ್ವಲ್ಪ ನಿಂತರೆ ಸಾಕು, ಹೊರ ಬೆಂಗಳೂರಿನ ಮನೆಗಳಿಗೆ ದಿನವೂ ಎಷ್ಟು ರಟ್ಟು ಬಂದು ಬೀಳುತ್ತದೆ ಎಂಬುದು ತಿಳಿಯುತ್ತದೆ. ಡೆಲಿವರಿ ಹುಡುಗರು ಒಬ್ಬರ ಹಿಂದೊಬ್ಬರು ಬರುತ್ತಾರೆ, ಸೆಕ್ಯೂರಿಟಿಯವರು ಫ್ಲ್ಯಾಟ್ ನಂಬರ್ ಕೇಳುತ್ತಾರೆ, ಪೆಟ್ಟಿಗೆಗಳು ಲಿಫ್ಟ್ ಹತ್ತುತ್ತವೆ. ಮಿಕ್ಸಿ, ಶಾಂಪೂ, ಚಪ್ಪಲಿ, ಮಗುವಿನ ಡೈಪರ್, ಒಂದೇ ಒಂದು ಮೊಬೈಲ್ ಚಾರ್ಜರ್, ಎಲ್ಲಕ್ಕೂ ಒಂದೊಂದು ಪೆಟ್ಟಿಗೆ. ಎಲೆಕ್ಟ್ರಾನಿಕ್ ಸಿಟಿಯ ಸುತ್ತಲಿನ ನೀಲಾದ್ರಿ ನಗರ, ದೊಡ್ಡತೋಗೂರಿನ ಪಿ.ಜಿ.ಗಳ ಮೆಟ್ಟಿಲ ಬಳಿಯೂ ಇದೇ ನೋಟ. ಪೀಣ್ಯದಲ್ಲಿ ಮಾತ್ರ ರಟ್ಟು ಬರುವ ದಾರಿ ಬೇರೆ. ಅಲ್ಲಿ ಅದು ಬೇರಿಂಗು, ಬೋಲ್ಟು, ಹೊಲಿಗೆ ದಾರ ತುಂಬಿಕೊಂಡು ಕಾರ್ಖಾನೆಗೆ ಬಂದು, ಖಾಲಿಯಾದ ಮೇಲೆ ಕಾರ್ಮಿಕರ ಕೈ ಸೇರಿ ಲಗ್ಗೆರೆ, ಹೆಗ್ಗನಹಳ್ಳಿಯ ಬಾಡಿಗೆ ಮನೆಗಳ ಹೊಸ್ತಿಲು ದಾಟುತ್ತದೆ.

ಬಂದ ಪೆಟ್ಟಿಗೆಗಳಲ್ಲಿ ಬಹುಪಾಲು ಒಂದೆರಡು ದಿನದಲ್ಲೇ ಒಣಕಸದ ಜೊತೆ ಹೊರಗೆ ಹೋಗುತ್ತವೆ. ಕೆಲವು ಮನೆಯಲ್ಲೇ ಉಳಿದು ವೇಷ ಬದಲಿಸುತ್ತವೆ. ಮುಚ್ಚಳ ಕತ್ತರಿಸಿ, ಮೈಗೆಲ್ಲ ಬಣ್ಣದ ಕಾಗದ ಅಂಟಿಸಿ, ಅಂಚಿಗೆ ಲೇಸು ಸುತ್ತಿ, ಕನ್ನಡಿ ಚೂರು ಮೆತ್ತಿ, ಬಳೆ, ರಿಮೋಟು, ಪೆನ್ನು, ಕಾಲುಚೀಲ, ಮಸಾಲೆ ಪೊಟ್ಟಣಗಳನ್ನು ಹೊಂದಿಸಿಡುವ ‘ಆರ್ಗನೈಸರ್’ ಮಾಡುವುದು ಈಗ ಈ ಭಾಗದ ಮನೆಮನೆಯ ಹವ್ಯಾಸ. ಶಾಲೆಗಳಲ್ಲಿ ‘ಕಸದಿಂದ ರಸ’ ಸ್ಪರ್ಧೆಗೆ ಇದೇ ಮೊದಲ ಆಯ್ಕೆ. ಅಪಾರ್ಟ್‌ಮೆಂಟ್ ಸಂಘಗಳು ಪರಿಸರ ದಿನಕ್ಕೋ ರಾಜ್ಯೋತ್ಸವಕ್ಕೋ ನಡೆಸುವ ಪ್ರದರ್ಶನದಲ್ಲೂ ಉದ್ದನೆಯ ಮೇಜಿನ ತುಂಬ ಇವೇ. ನೋಡಿದವರು ಹೊಗಳುತ್ತಾರೆ, ಮಾಡಿದವರು ಫೋಟೊ ತೆಗೆದುಕೊಳ್ಳುತ್ತಾರೆ. ಆ ವಸ್ತು ಮುಂದಿನ ಮಳೆಗಾಲದವರೆಗೆ ಬಾಳಿತೇ, ಬಾಳಿದ ಮೇಲೆ ಎಲ್ಲಿಗೆ ಹೋಯಿತು ಎಂದು ಕೇಳುವವರು ಇಲ್ಲ.

ಕೇಳಬೇಕಾದ ಪ್ರಶ್ನೆ ಅದೇ. ಮನೆಯಲ್ಲಿ ಮಾಡಿದ ವಸ್ತುವನ್ನು ಅಂಗಡಿಯ ಮಾಲಿನಷ್ಟು ನಿಷ್ಠುರವಾಗಿ ಅಳೆಯಬಾರದೆಂಬ ಮಾತಿದೆ. ಆದರೆ ಈ ಹವ್ಯಾಸ ತನ್ನನ್ನು ಬರೀ ಅಲಂಕಾರವೆಂದು ಕರೆದುಕೊಳ್ಳುತ್ತಿಲ್ಲ. ಪರಿಸರದ ಕೆಲಸವೆಂದು ಹೇಳಿಕೊಳ್ಳುತ್ತಿದೆ. ಹಾಗೆ ಹೇಳಿಕೊಂಡ ಮೇಲೆ ಆ ಮಾತಿಗೆ ತಕ್ಕಂತೆ ನಡೆಯುತ್ತಿದೆಯೇ ಎಂದು ನೋಡುವುದು ನ್ಯಾಯ.

ಮೊದಲು ರಟ್ಟಿನ ಗುಣ ತಿಳಿಯಬೇಕು. ಅಲೆಅಲೆಯಾಗಿ ಮಡಚಿದ ಕಾಗದಕ್ಕೆ ಇಂಗ್ಲೆಂಡಿನಲ್ಲಿ ಮೊದಲ ಪೇಟೆಂಟ್ ಸಿಕ್ಕಿದ್ದು 1856ರಲ್ಲಿ, ಎತ್ತರದ ಟೋಪಿಗಳ ಒಳಪಟ್ಟಿಗಾಗಿ. 1871ರಲ್ಲಿ ಅಮೆರಿಕದ ಆಲ್ಬರ್ಟ್ ಜೋನ್ಸ್ ಅದನ್ನು ಗಾಜಿನ ಸೀಸೆ, ಲಾಂದ್ರದ ಚಿಮಣಿಗಳಿಗೆ ಸುತ್ತಲು ಬಳಸಿದ. ಮೂರು ವರ್ಷದ ಬಳಿಕ ಆಲಿವರ್ ಲಾಂಗ್ ಆ ಅಲೆಗೆ ಸಮತಟ್ಟಾದ ಹಾಳೆ ಅಂಟಿಸಿ ಅದು ಹಿಗ್ಗದಂತೆ ಮಾಡಿದ. ಇಂದು ಬಾಗಿಲಿಗೆ ಬರುವ ಪೆಟ್ಟಿಗೆಯ ಗೋಡೆಯೂ ಇದೇ: ಎರಡು ಸಪಾಟು ಹಾಳೆ, ನಡುವೆ ಒಂದು ಅಲೆ. ವ್ಯಾಪಾರದ ಮಾತಿನಲ್ಲಿ ಇದು ತ್ರೀ ಪ್ಲೈ. ಫ್ರಿಜ್, ವಾಷಿಂಗ್ ಮಷೀನ್, ಯಂತ್ರದ ಬಿಡಿಭಾಗಗಳಿಗೆ ಫೈವ್ ಪ್ಲೈ, ಸೆವೆನ್ ಪ್ಲೈ ಕೂಡ ಉಂಟು. ಚಪ್ಪಲಿ ಡಬ್ಬಿ, ಸಿಹಿತಿಂಡಿ ಡಬ್ಬಿಗಳದು ಸಾಮಾನ್ಯವಾಗಿ ಬೇರೆ ಜಾತಿ, ಅಲೆಯಿಲ್ಲದ ಡ್ಯೂಪ್ಲೆಕ್ಸ್ ಬೋರ್ಡ್. ಕತ್ತರಿಸಿದ ಅಂಚನ್ನು ಕಣ್ಣ ಹತ್ತಿರ ಹಿಡಿದರೆ ವ್ಯತ್ಯಾಸ ತಾನಾಗಿ ಕಾಣುತ್ತದೆ.

ಈ ರಟ್ಟಿನ ಬಲವೆಲ್ಲ ಅಲೆಯ ದಿಕ್ಕಿನಲ್ಲಿದೆ. ಅಲೆಗಳು ಕಂಬದಂತೆ ನೆಟ್ಟಗೆ ನಿಂತರೆ ಭಾರ ಹೊರುತ್ತವೆ. ಮಲಗಿಸಿದರೆ ಅದೇ ರಟ್ಟು ಸ್ವಲ್ಪ ತೂಕಕ್ಕೇ ಬಾಗುತ್ತದೆ. ಇನ್ನೊಂದು ಸಂಗತಿ ತೇವ. ಕಾಗದದ ನಾರು ಗಾಳಿಯಲ್ಲಿನ ನೀರನ್ನು ಹೀರುತ್ತದೆ. ಗಾಳಿಯ ತೇವಾಂಶ ಶೇಕಡಾ ತೊಂಬತ್ತರ ಹತ್ತಿರ ಹೋದಾಗ ಪೆಟ್ಟಿಗೆ ತನ್ನ ಹೊರುವ ಬಲದಲ್ಲಿ ಅರ್ಧದಷ್ಟನ್ನು ಕಳೆದುಕೊಳ್ಳಬಲ್ಲದು. ಅಲೆಯನ್ನೂ ಹಾಳೆಯನ್ನೂ ಬೆಸೆಯುವ ಅಂಟು ಪಿಷ್ಟದ್ದು, ಅಂದರೆ ಮೆಕ್ಕೆಜೋಳದಂಥ ಧಾನ್ಯದ ಗಂಜಿ. ಜಿರಳೆ, ಬೆಳ್ಳಿಹುಳಗಳಿಗೆ ಅದು ಆಹಾರ. ಈ ಮೂರು ಸಂಗತಿ ಗೊತ್ತಿದ್ದವರು ಮಾಡಿದ ಆರ್ಗನೈಸರ್‌ಗೂ ಗೊತ್ತಿಲ್ಲದವರು ಮಾಡಿದ್ದಕ್ಕೂ ಒಂದು ಮಳೆಗಾಲದಲ್ಲೇ ಅಂತರ ಬಯಲಾಗುತ್ತದೆ.

ಹಾಗಾದರೆ ಅಳತೆಗೋಲು ಯಾವುದು? ಎರಡು ಸಾಕು. ಜೂನ್‌ನಿಂದ ಅಕ್ಟೋಬರ್‌ವರೆಗಿನ ಬೆಂಗಳೂರಿನ ತೇವವನ್ನು ಅದು ತಾಳಬೇಕು. ಆಯಸ್ಸು ಮುಗಿದ ದಿನ ಗುಜರಿಯವರ ತಕ್ಕಡಿಗೆ ರಟ್ಟಾಗಿಯೇ ಏರಬೇಕು. ಎರಡನೆಯದು ಮೊದಲನೆಯದಕ್ಕಿಂತ ಮುಖ್ಯ, ಏಕೆಂದರೆ ಖಾಲಿ ಪೆಟ್ಟಿಗೆ ಎಂದೂ ನಿಜವಾದ ಕಸವಾಗಿರಲಿಲ್ಲ. ಟೇಪು ಕಿತ್ತು, ಒದ್ದೆಯಾಗದಂತೆ ಮಡಚಿ ಕೊಟ್ಟ ರಟ್ಟಿಗೆ ಈ ನಗರದಲ್ಲಿ ಯಾವತ್ತೂ ಬೆಲೆಯಿದೆ. ಬೀದಿಯ ಗುಜರಿ ಅಂಗಡಿಯಿಂದ ಜಾಲಿ ಮೊಹಲ್ಲಾದಂಥ ಹಳೆಯ ಪೇಟೆಯವರೆಗೆ ಅದನ್ನು ತೂಗಿ ಕೊಳ್ಳುವವರಿದ್ದಾರೆ. ಅಲ್ಲಿಂದ ಅದು ಕಾಗದದ ಕಾರ್ಖಾನೆ ಸೇರಿ ನೀರಿನಲ್ಲಿ ಕಲಸಿಹೋಗಿ, ಮತ್ತೆ ಕ್ರಾಫ್ಟ್ ಎಂಬ ಗಟ್ಟಿ ಕಂದು ಕಾಗದವಾಗಿ, ಮತ್ತೆ ಪೆಟ್ಟಿಗೆಯಾಗುತ್ತದೆ. ನಂಜನಗೂಡಿನ ಸೌತ್ ಇಂಡಿಯಾ ಪೇಪರ್ ಮಿಲ್ಸ್ ಹಳೆಯ ಕಾಗದದಿಂದಲೇ ಕ್ರಾಫ್ಟ್ ಮಾಡುತ್ತದೆ. ಪೀಣ್ಯದ ಒಳರಸ್ತೆಗಳಲ್ಲೇ ಪೆಟ್ಟಿಗೆ ತಯಾರಿಸುವ ಘಟಕಗಳು ಹಲವಿವೆ. ಕಾಗದದ ನಾರು ಐದರಿಂದ ಏಳು ಬಾರಿ ಹೀಗೆ ಮರುಹುಟ್ಟು ಪಡೆಯಬಲ್ಲದು; ಪ್ರತಿ ಬಾರಿಯೂ ತುಸು ಗಿಡ್ಡವಾಗುತ್ತ ಹೋಗುತ್ತದೆ.

ಈ ಚಕ್ರ ಎಷ್ಟು ಸೂಕ್ಷ್ಮವೆಂಬುದು 2020–21ರಲ್ಲಿ ಕಂಡಿತು. ಹೊರದೇಶದಿಂದ ಬರುವ ಹಳೆಯ ರಟ್ಟು ಕಡಿಮೆಯಾಯಿತು, 2021ರ ಆರಂಭದಿಂದ ಚೀನಾ ಹಳೆ ಕಾಗದದ ಆಮದನ್ನೇ ನಿಲ್ಲಿಸಿ ಅದರ ಬದಲು ಭಾರತದಂಥ ದೇಶಗಳಿಂದ ಕ್ರಾಫ್ಟ್ ತಿರುಳನ್ನೂ ಕಾಗದವನ್ನೂ ಕೊಳ್ಳತೊಡಗಿತು, ಇಲ್ಲಿ ಕ್ರಾಫ್ಟ್ ಬೆಲೆ ಏರಿ ಸಣ್ಣ ಪೆಟ್ಟಿಗೆ ತಯಾರಕರು ತತ್ತರಿಸಿದರು. ಅದೇ ಕಾಲಕ್ಕೆ ಮನೆಗೆ ಬರುವ ಪಾರ್ಸೆಲ್‌ಗಳೂ ಹೆಚ್ಚಿದವು. ಅಮೆಜಾನ್ 2020ರಲ್ಲಿ, ಬೆಂಗಳೂರಿನಲ್ಲೇ ಹುಟ್ಟಿದ ಫ್ಲಿಪ್‌ಕಾರ್ಟ್ 2021ರಲ್ಲಿ ತಮ್ಮ ಗೋದಾಮುಗಳ ಪ್ಯಾಕಿಂಗಿನಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತೆಗೆದುಹಾಕಿದ್ದಾಗಿ ಪ್ರಕಟಿಸಿದವು. ಪ್ಲಾಸ್ಟಿಕ್ ಬಿಟ್ಟ ಜಾಗಕ್ಕೆ ಕಾಗದ ಬಂತು. ಮನೆಯಲ್ಲಿ ರಟ್ಟು ರಾಶಿ ಬೀಳತೊಡಗಿದ್ದೂ, ಅದನ್ನು ಏನಾದರೂ ಮಾಡಬೇಕೆಂಬ ಹಂಬಲ ಹೆಚ್ಚಿದ್ದೂ ಈ ಕಾಲದಲ್ಲೇ.

ಈಗ ಪ್ರದರ್ಶನದ ಮೇಜಿನ ಮೇಲಿನ ವಸ್ತುಗಳನ್ನು ಒಂದೊಂದಾಗಿ ನೋಡಬಹುದು. ಅತಿ ಹೆಚ್ಚು ಮೆಚ್ಚುಗೆ ಪಡೆಯುವುದು ಸೆಣಬಿನ ಹಗ್ಗ ಸುತ್ತಿದ ಬುಟ್ಟಿ. ಚೌಕಾಕಾರದ ಪೆಟ್ಟಿಗೆಯೊಂದರ ಮುಚ್ಚಳ ತೆಗೆದು, ತಳದಿಂದ ಬಾಯಿಯವರೆಗೆ ಹಗ್ಗವನ್ನು ಒತ್ತೊತ್ತಾಗಿ ಸುತ್ತುತ್ತ ಹೋಗುತ್ತಾರೆ. ಪ್ರತಿ ಎರಡು ಅಂಗುಲಕ್ಕೊಮ್ಮೆ ಗ್ಲೂ ಗನ್ನಿನಿಂದ ಒಂದು ಹನಿ. ಒಳಗೆ ಹೂವಿನ ಬಟ್ಟೆ, ಎರಡು ಬದಿಗೆ ಚರ್ಮದಂತೆ ಕಾಣುವ ಹಿಡಿ. ದೂರದಿಂದ ನೋಡಿದರೆ ಮಾಲ್‌ನ ಅಂಗಡಿಯಿಂದ ತಂದದ್ದೆಂದೇ ಅನ್ನಿಸುತ್ತದೆ. ಕೈಗೆ ತೆಗೆದುಕೊಂಡರೆ ಸಮಸ್ಯೆ ಗೊತ್ತಾಗುತ್ತದೆ. ಆ ಬಿಸಿ ಅಂಟು ಎಥಿಲಿನ್ ವಿನೈಲ್ ಅಸಿಟೇಟ್ ಎಂಬ ಪ್ಲಾಸ್ಟಿಕ್. ಹಗ್ಗ, ರಟ್ಟು, ಬಟ್ಟೆ ಮೂರನ್ನೂ ಅದು ಬಿಡಿಸಲಾಗದಂತೆ ಹಿಡಿದಿದೆ. ಬಿಡಿಯಾಗಿದ್ದಾಗ ರಟ್ಟು ಮರುಬಳಕೆಗೆ ಹೋಗುತ್ತಿತ್ತು, ಸೆಣಬು ಮಣ್ಣಿಗೆ ಸೇರುತ್ತಿತ್ತು, ಬಟ್ಟೆ ಇನ್ನೊಂದು ಕೆಲಸಕ್ಕೆ ಬರುತ್ತಿತ್ತು. ಒಂದಾದ ಮೇಲೆ ಮೂರೂ ಯಾವುದಕ್ಕೂ ಇಲ್ಲ. ಹಗ್ಗ, ಅಂಟುಕಡ್ಡಿ, ಹಿಡಿ, ಬಟ್ಟೆಗೆ ಕೊಟ್ಟ ಹಣಕ್ಕೆ ಮೇದರು ಹೆಣೆದ ಬಿದಿರಿನ ಬುಟ್ಟಿಯನ್ನೇ ಕೊಳ್ಳಬಹುದಿತ್ತು. ಅದು ವರ್ಷಾನುಗಟ್ಟಲೆ ಬಾಳುತ್ತದೆ, ಹೆಣೆದವರ ಮನೆಗೂ ನಾಲ್ಕು ಕಾಸು ಹೋಗುತ್ತದೆ. ಆ ಅಲಂಕಾರ ಸಾಮಗ್ರಿಗಳು ಆನ್‌ಲೈನಿನಲ್ಲಿ ತರಿಸಿದ್ದಾದರೆ ಅವುಗಳ ಜೊತೆ ಇನ್ನೊಂದು ಪೆಟ್ಟಿಗೆ ಮನೆಗೆ ಬಂದಿರುತ್ತದೆ.

ಎರಡನೆಯದು ಗ್ಲಿಟರ್ ಪುಡಿ ಉದುರಿಸಿದ ಪೆನ್ನಿನ ಡಬ್ಬಿ. ಮಕ್ಕಳಿಗೆ ಅಚ್ಚುಮೆಚ್ಚು. ಗ್ಲಿಟರ್ ಎಂದರೆ ಬಹುಮಟ್ಟಿಗೆ ಲೋಹದ ಲೇಪವಿರುವ ಪ್ಲಾಸ್ಟಿಕ್ ಹಾಳೆಯ ಅತಿ ಸಣ್ಣ ತುಣುಕು. ಒರೆಸಿದಾಗಲೂ ತೊಳೆದಾಗಲೂ ನೇರವಾಗಿ ಚರಂಡಿ ಸೇರುತ್ತದೆ. ಯುರೋಪ್ ಒಕ್ಕೂಟ 2023ರ ಅಕ್ಟೋಬರಿನಿಂದ ಬಿಡಿ ಪ್ಲಾಸ್ಟಿಕ್ ಗ್ಲಿಟರ್ ಮಾರಾಟವನ್ನು ನಿಷೇಧಿಸಿದೆ. ವರ್ತೂರು, ಬೆಳ್ಳಂದೂರು ಕೆರೆಗಳ ನೊರೆಯನ್ನು ಕಣ್ಣಾರೆ ಕಂಡ ಬಡಾವಣೆಗಳ ಶಾಲೆಗಳಲ್ಲಿ ಪರಿಸರ ದಿನದ ಹೆಸರಿನಲ್ಲೇ ಈ ಪುಡಿ ಎರಚುವುದು ನೋವಿನ ಸಂಗತಿ.

ಮೂರನೆಯದು ಚಪ್ಪಲಿ ಗೂಡು. ರಟ್ಟನ್ನು ತ್ರಿಕೋನದ ಕೊಳವೆಗಳಾಗಿ ಮಡಚಿ ಒಂದರ ಮೇಲೊಂದು ಜೋಡಿಸಿ ಬಾಗಿಲ ಬಳಿ ಇಡುತ್ತಾರೆ. ಕಲ್ಪನೆ ಜಾಣತನದ್ದು, ತ್ರಿಕೋನಕ್ಕೆ ಬಲ ಹೆಚ್ಚು. ಆದರೆ ಜಾಗ ತಪ್ಪು. ಜುಲೈ ತಿಂಗಳಲ್ಲಿ ಒದ್ದೆ ಚಪ್ಪಲಿಯೊಂದು ಅದರೊಳಗೆ ರಾತ್ರಿ ಕಳೆದರೆ ತಳದ ಸಾಲು ಮೆತ್ತಗಾಗುತ್ತದೆ, ವಾರದೊಳಗೆ ಬೂಸಲು ವಾಸನೆ, ಆಮೇಲೆ ಜಿರಳೆ. ಗೋಡೆಗೆ ತೂಗುಹಾಕುವ ರಟ್ಟಿನ ಕಪಾಟುಗಳ ಪಾಡೂ ಹೆಚ್ಚುಕಡಿಮೆ ಇಷ್ಟೇ. ಬಚ್ಚಲ ಮಗ್ಗುಲು, ಸಿಂಕ್ ಕೆಳಗೆ, ಬಾಲ್ಕನಿ ಈ ಮೂರು ಕಡೆ ರಟ್ಟಿಗೆ ಜಾಗವಿಲ್ಲ. ಎಷ್ಟೇ ವಾರ್ನಿಷ್ ಬಳಿದರೂ ಕತ್ತರಿಸಿದ ಅಂಚಿನಿಂದ ತೇವ ಒಳಗೆ ಇಳಿಯುತ್ತದೆ, ಬಳಿದ ವಾರ್ನಿಷ್ ಮಾತ್ರ ಆ ರಟ್ಟನ್ನು ಮರುಬಳಕೆಯಿಂದ ದೂರ ಮಾಡುತ್ತದೆ.

ಒಣತ್ಯಾಜ್ಯ ಸಂಗ್ರಹ ಕೇಂದ್ರದ ಕಡೆಯಿಂದ ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. 2012ರಲ್ಲಿ ಮಾವಳ್ಳಿಪುರ, ಆ ಬಳಿಕ ಮಂಡೂರಿನ ಜನ ತಮ್ಮೂರಿಗೆ ನಗರದ ಕಸ ಬೇಡವೆಂದು ಎದ್ದುನಿಂತ ಮೇಲೆ ಬೆಂಗಳೂರು ಕಸ ಬೇರ್ಪಡಿಸುವ ಪಾಠ ಕಲಿಯಬೇಕಾಯಿತು. 2015ರ ಡಿಸೆಂಬರಿನಲ್ಲಿ ಹೈಕೋರ್ಟ್ ಎರಡು ಬುಟ್ಟಿ, ಒಂದು ಚೀಲದ ಪದ್ಧತಿಯನ್ನು ಕಡ್ಡಾಯ ಮಾಡಿತು. ವೈಟ್‌ಫೀಲ್ಡ್ ರೈಸಿಂಗ್‌ನಂಥ ನಾಗರಿಕ ಗುಂಪುಗಳು ಮನೆಮನೆಗೆ ಹೋಗಿ ಅದನ್ನು ವಿವರಿಸಿದವು. ಒಣಕಸ ತುಂಬಿದ ಆ ಚೀಲ ಹೋಗಿ ಸೇರುವುದು ವಾರ್ಡಿನ ಒಣತ್ಯಾಜ್ಯ ಕೇಂದ್ರಕ್ಕೆ. ಅವುಗಳಲ್ಲಿ ಎಷ್ಟೋ ಕೇಂದ್ರಗಳನ್ನು ಹಸಿರು ದಳ ಎಂಬ ಸಂಸ್ಥೆಯ ಜೊತೆ ಇರುವ, ಹಿಂದೆ ಬೀದಿಯಲ್ಲಿ ಚಿಂದಿ ಆಯುತ್ತಿದ್ದವರೇ ನಡೆಸುತ್ತಾರೆ. ಅಲ್ಲಿ ಕೈಯಿಂದಲೇ ವಿಂಗಡಣೆ. ಕಂದು ರಟ್ಟು ಕಂಡ ಕೂಡಲೇ ಒಂದು ರಾಶಿಗೆ ಬೀಳುತ್ತದೆ, ಅದರಿಂದ ಅವರಿಗೆ ಆದಾಯ. ಬಟ್ಟೆ, ಫೋಮು, ಕನ್ನಡಿ, ಥರ್ಮಾಕೋಲ್ ಮಣಿ, ಪ್ಲಾಸ್ಟಿಕ್ ಲೇಸು ಅಂಟಿಕೊಂಡ ಪೆಟ್ಟಿಗೆ ಬಂದರೆ ಕಿತ್ತು ಬಿಡಿಸಲು ಸಮಯವಿಲ್ಲ. ಅದು ಹೋಗುವುದು ಯಾರಿಗೂ ಬೇಡದ ಕೊನೆಯ ರಾಶಿಗೆ. ಒಡೆದ ಕನ್ನಡಿ ಚೂರು ಮೊದಲು ತಗಲುವುದು ಅವರ ಬೆರಳಿಗೆ. ಹೀಗೆ, ಮಾರಾಟವಾಗುತ್ತಿದ್ದ ಪೆಟ್ಟಿಗೆಯೊಂದನ್ನು ಅಲಂಕಾರವೇ ಕಸ ಮಾಡಿಬಿಟ್ಟಿರುತ್ತದೆ.

ಇಷ್ಟು ಹೇಳಿದ ಮೇಲೆ ಈ ಹವ್ಯಾಸವೇ ವ್ಯರ್ಥವೆಂದು ಭಾವಿಸಬೇಕಿಲ್ಲ. ಒಳ್ಳೆಯ ಕೆಲಸವೂ ಇದೆ. ಅದು ಸದ್ದು ಮಾಡುವುದಿಲ್ಲ, ಪ್ರದರ್ಶನದ ಮೇಜಿಗೆ ಬರುವುದೂ ಅಪರೂಪ.

ಡ್ರಾಯರ್ ಒಳಗಿನ ಅಡ್ಡಗೋಡೆಯನ್ನೇ ತೆಗೆದುಕೊಳ್ಳಿ. ಡ್ರಾಯರ್ ನಾಲ್ಕು ಅಂಗುಲ ಆಳವಿದ್ದರೆ ಮೂರೂವರೆ ಅಂಗುಲ ಅಗಲದ ಪಟ್ಟಿಗಳು ಬೇಕು. ಸ್ಟೀಲ್ ಸ್ಕೇಲ್ ಒತ್ತಿ ಹಿಡಿದು, ಹೊಸ ಬ್ಲೇಡಿನ ಕಟರ್‌ನಿಂದ ಒಂದೇ ಬಾರಿಗೆ ಕತ್ತರಿಸಲು ಹೋಗದೆ ಮೂರು ಬಾರಿ ಹಗುರವಾಗಿ ಎಳೆದರೆ ಅಂಚು ಹರಿಯುವುದಿಲ್ಲ. ಪಟ್ಟಿ ನಿಲ್ಲಿಸಿದಾಗ ಅಲೆಗಳು ಮೇಲಿಂದ ಕೆಳಕ್ಕೆ ಬರುವಂತೆ ಮೊದಲೇ ನೋಡಿಕೊಳ್ಳಬೇಕು. ಪಟ್ಟಿಗಳು ಒಂದನ್ನೊಂದು ಹಾಯುವಲ್ಲಿ ಒಂದಕ್ಕೆ ಮೇಲಿನಿಂದ, ಇನ್ನೊಂದಕ್ಕೆ ಕೆಳಗಿನಿಂದ ಸರಿಯಾಗಿ ಅರ್ಧದವರೆಗೆ ಸೀಳು. ಸೀಳಿನ ಅಗಲ ರಟ್ಟಿನ ದಪ್ಪದಷ್ಟೇ ಇರಬೇಕು. ಸಾಮಾನ್ಯ ಪಾರ್ಸೆಲ್ ಪೆಟ್ಟಿಗೆಯದು 3 ಮಿಲಿಮೀಟರ್ ಆಸುಪಾಸು. ಒಂದು ಕೂದಲೆಳೆ ಹೆಚ್ಚಾದರೂ ಅಲುಗಾಡುತ್ತದೆ, ಕಡಿಮೆಯಾದರೆ ಅಲೆ ನಜ್ಜುಗುಜ್ಜಾಗುತ್ತದೆ. ಸರಿಬಂದರೆ ಒಂದು ತೊಟ್ಟು ಅಂಟೂ ಬೇಡ. ಎತ್ತಿದರೆ ಪೂರ್ತಿ ಜಾಲರಿ ಒಟ್ಟಿಗೇ ಎದ್ದು ಬರುತ್ತದೆ, ಒತ್ತಿದರೆ ಚಪ್ಪಟೆಯಾಗಿ ಮಡಚಿಕೊಳ್ಳುತ್ತದೆ. ಕಾಲುಚೀಲ, ಚಾರ್ಜರ್ ವೈರ್, ಹೊಲಿಗೆ ದಾರ, ಮಾತ್ರೆ ಪಟ್ಟಿಗಳಿಗೆ ಇದಕ್ಕಿಂತ ಸಮರ್ಪಕ ವ್ಯವಸ್ಥೆ ಅಂಗಡಿಯಲ್ಲೂ ಸಿಗದು, ಏಕೆಂದರೆ ಅಂಗಡಿಯ ಪ್ಲಾಸ್ಟಿಕ್ ತಟ್ಟೆಗೆ ನಮ್ಮ ಡ್ರಾಯರಿನ ಅಳತೆ ಗೊತ್ತಿಲ್ಲ. ಅಲ್ಲಿ ಚಂದವೂ ಇದೆ. ಸಮನಾದ ಖಾನೆ, ಶುಭ್ರ ಅಂಚು, ರಟ್ಟಿನದೇ ಕಂದು ಬಣ್ಣ ಇವೇ ಆ ಚಂದ.

ಕಾಗದಪತ್ರ ಇಡುವ ನಿಲುವು ಪೆಟ್ಟಿಗೆಯೂ ಇದೇ ಸಾಲಿನದು. ಒಂದು ಮೂಲೆಯನ್ನು ಓರೆಯಾಗಿ ಕತ್ತರಿಸಿದ ಕಿರಿದಾದ ಪೆಟ್ಟಿಗೆಯಲ್ಲಿ ಬಾಡಿಗೆ ಕರಾರು, ಶಾಲೆ ಫೀಸಿನ ರಸೀದಿ, ಆಸ್ಪತ್ರೆ ಕಾಗದ ನಿಂತುಕೊಂಡು ಇರುತ್ತವೆ. ಬಟ್ಟೆಯ ಅಲಂಕಾರ ಬೇಕೆನ್ನುವವರಿಗೂ ದಾರಿಯಿದೆ. ಹಳೆಯ ಹತ್ತಿ ಸೀರೆಯಿಂದ ದಿಂಬಿನ ಗವಸಿನಂತೆ ಪೆಟ್ಟಿಗೆಗೊಂದು ಗವಸು ಹೊಲಿದು ತೊಡಿಸಬಹುದು. ಕೊಳೆಯಾದರೆ ಒಗೆಯಬಹುದು, ಪೆಟ್ಟಿಗೆ ಸೋತರೆ ಅದನ್ನು ಗುಜರಿಗೆ ಕೊಟ್ಟು ಗವಸನ್ನು ಹೊಸ ಪೆಟ್ಟಿಗೆಗೆ ಹಾಕಬಹುದು. ಅಂಟಿಗೂ ಹೊಲಿಗೆಗೂ ಇರುವ ವ್ಯತ್ಯಾಸ ಇಷ್ಟೇ ಆದರೂ ಫಲ ದೊಡ್ಡದು.

ಪೀಣ್ಯದ ಸುತ್ತಲಿನ ಒಂಟಿ ಕೋಣೆಯ ಮನೆಗಳಲ್ಲಿ ಈ ಕೆಲಸಕ್ಕೆ ಯಾರೂ ಹೆಸರಿಟ್ಟಿಲ್ಲ. ಗಾರ್ಮೆಂಟ್ಸ್‌ನಲ್ಲೋ ಯಂತ್ರಾಗಾರದಲ್ಲೋ ದುಡಿಯುವ ನಾಲ್ಕೈದು ಮಂದಿ ಒಂದೇ ಕೋಣೆಯಲ್ಲಿ ಇರುವಾಗ ಒಬ್ಬೊಬ್ಬರ ಬಟ್ಟೆಗೆ ಒಂದೊಂದು ಕಾರ್ಟನ್ ಗೋಡೆಯುದ್ದಕ್ಕೂ ಕೂರುತ್ತದೆ. ಬಾಯಿ ಹೊರಗೆ ಕಾಣುವಂತೆ ಪೆಟ್ಟಿಗೆಗಳನ್ನು ಅಡ್ಡ ಮಲಗಿಸಿ, ಒಂದರ ಮೇಲೊಂದಿಟ್ಟು, ಮುಂದೆ ಹಳೆಯ ಪಂಚೆಯೊಂದನ್ನು ಪರದೆಯಾಗಿ ಇಳಿಬಿಟ್ಟರೆ ಬೀರು ಸಿದ್ಧ. ನೆಲದ ತೇವ ತಾಗದಂತೆ ಕೆಳಗೆ ಎರಡು ಇಟ್ಟಿಗೆ. ಬಾಡಿಗೆ ಕರಾರು ಹನ್ನೊಂದು ತಿಂಗಳದ್ದು, ಗೋಡೆಗೆ ಮೊಳೆ ಹೊಡೆಯಲು ಓನರ್ ಒಪ್ಪುವುದಿಲ್ಲ, ಮರದ ಬೀರು ಕೊಂಡರೆ ಮನೆ ಬದಲಿಸುವಾಗ ಟೆಂಪೋ ಬಾಡಿಗೆ ಬೇರೆ. ಇಂಥ ಬದುಕಿಗೆ ರಟ್ಟು ಚೆನ್ನಾಗಿ ಹೊಂದುತ್ತದೆ. ಅದೇ ಪೆಟ್ಟಿಗೆಯಲ್ಲಿ ಸಾಮಾನು ತುಂಬಿ ಹಗ್ಗ ಬಿಗಿದರೆ ಮನೆ ಬದಲಾಯಿಸಿದ್ದೂ ಆಯಿತು. ಬೇಡವಾದಾಗ ಅಷ್ಟೂ ಗುಜರಿಗೆ. ವಿನ್ಯಾಸದ ದೃಷ್ಟಿಯಿಂದ ಹೊರ ಬೆಂಗಳೂರಿನ ಉತ್ತಮ ರಟ್ಟಿನ ಕೆಲಸ ಇದೇ: ತೇವದಿಂದ ದೂರವಿದೆ, ಹೊರಗಿನ ಸಾಮಗ್ರಿ ಸೊನ್ನೆ, ಅಂತ್ಯ ಸುಗಮ. ಇದಕ್ಕೆ ಬಹುಮಾನ ಕೊಟ್ಟವರಿಲ್ಲ. ಬಡತನದ ಗುರುತೆಂದು ನೆಂಟರು ಬಂದಾಗ ಮುಚ್ಚಿಡುವವರೇ ಹೆಚ್ಚು.

ಒಂದು ಎಚ್ಚರಿಕೆ ಮಾತ್ರ ಇಲ್ಲಿ ಬೇಕು. ಯಂತ್ರದ ಬಿಡಿಭಾಗ ಬಂದ ಪೆಟ್ಟಿಗೆಗೆ ತುಕ್ಕು ನಿರೋಧಕ ಎಣ್ಣೆ ಹಿಡಿದಿರುತ್ತದೆ. ಕಲೆ ಕಂಡರೆ, ವಾಸನೆ ಬಂದರೆ ಬಟ್ಟೆಗೆ ಬೇಡ, ಮಗುವಿನ ಸಾಮಾನಿಗಂತೂ ಬೇಡವೇ ಬೇಡ. ಅಡುಗೆಮನೆಯಲ್ಲೂ ಬಿಡಿ ಕಾಳು, ಹಿಟ್ಟು, ತಿಂಡಿ ನೇರವಾಗಿ ರಟ್ಟಿಗೆ ತಾಗಬಾರದು. ಮರುಬಳಕೆಯ ರಟ್ಟಿನಲ್ಲಿ ಹಳೆಯ ಮುದ್ರಣದ ಶಾಯಿಯ ಅಂಶ ಉಳಿದಿರುತ್ತದೆ. ತಿಂಡಿಯನ್ನು ವೃತ್ತಪತ್ರಿಕೆಯಲ್ಲಿ ಕಟ್ಟಿಕೊಡಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2018ರ ನಿಯಮದಲ್ಲಿ ಹೇಳಿದ್ದೂ ಶಾಯಿಯ ಕಾರಣಕ್ಕೇ. ಒಲೆ, ಸ್ವಿಚ್‌ಬೋರ್ಡ್, ಇನ್ವರ್ಟರ್ ಹತ್ತಿರ ರಟ್ಟು ಇಡಬಾರದೆಂದು ಬೇರೆ ಹೇಳಬೇಕಿಲ್ಲ. ಮರೆತುಹೋಗುವ ಇನ್ನೊಂದು ಸಂಗತಿ ವಿಳಾಸದ ಚೀಟಿ. ಹೆಸರು, ಫೋನ್ ನಂಬರ್ ಇರುವ ಅದನ್ನು ಕಿತ್ತು ಹರಿದುಹಾಕಿದ ಮೇಲೆಯೇ ಪೆಟ್ಟಿಗೆಗೆ ಕೈ ಹಾಕಬೇಕು.

ಕಾಗದದಿಂದ ಮನೆವಸ್ತು ಮಾಡುವ ವಿದ್ಯೆ ಕನ್ನಡ ನಾಡಿಗೆ ವಿಡಿಯೊ ನೋಡಿ ಬಂದದ್ದಲ್ಲ. ಹಳೆಯ ಕಾಗದವನ್ನು ನೆನೆಹಾಕಿ, ಮೆಂತ್ಯದ ಜೊತೆ ರುಬ್ಬಿ, ಬೋರಲು ಹಾಕಿದ ಗಡಿಗೆಯ ಬೆನ್ನಿಗೆ ಮೆತ್ತಿ, ಬಿಸಿಲಿಗೆ ಒಣಗಿಸಿ ತೆಗೆದ ಕಾಗದದ ಬುಟ್ಟಿಗಳು ಹಳ್ಳಿಮನೆಗಳಲ್ಲಿ ಕಾಳು, ಸಂಡಿಗೆ ತುಂಬಿಕೊಂಡು ಕೂರುತ್ತಿದ್ದವು. ಬಿದಿರಿನ ಮೊರ, ಬುಟ್ಟಿಗಳ ಸಂದು ಮುಚ್ಚಲೂ ಇದೇ ಹದ. ಮೆಂತ್ಯದ ಲೋಳೆ ಬೆಸುಗೆ, ಅದರ ಕಹಿ ಹುಳುವಿಗೆ ತಡೆ ಎಂಬುದು ಅಜ್ಜಿಯರ ಲೆಕ್ಕ. ಪುಸ್ತಕಕ್ಕೆ ರಟ್ಟು ಕಟ್ಟುವವರು ಮೈದಾ ಅಂಟು ಕಾಯಿಸುವಾಗ ಚಿಟಿಕೆ ಮೈಲುತುತ್ತು ಬೆರೆಸುತ್ತಾರೆ, ಅದೂ ಹುಳು ಬಾರದಿರಲೆಂದೇ. ಮೈಲುತುತ್ತು ವಿಷ, ಮಕ್ಕಳ ಕೈಗೆ ಸಿಗಬಾರದು. ಬರೀ ಮೈದಾ ಅಥವಾ ಮೆಂತ್ಯದ ಅಂಟಾದರೆ ಭಯವಿಲ್ಲ, ಕಾರ್ಖಾನೆಯ ನೀರಿನಲ್ಲಿ ಕರಗಿಯೂ ಹೋಗುತ್ತದೆ. ಗ್ಲೂ ಗನ್ನಿನ ಜಾಗಕ್ಕೆ ಈ ಹಳೆಯ ಅಂಟುಗಳು ಮರಳಿದರೆ ಹವ್ಯಾಸದ ಅರ್ಧ ದೋಷ ಅಲ್ಲೇ ತೀರುತ್ತದೆ.

ರಟ್ಟನ್ನು ರಟ್ಟಾಗಿಯೇ ಬಳಸುವ ಬಗೆಯನ್ನು ಹೊರಗಿನ ದೊಡ್ಡ ಹೆಸರುಗಳೂ ತೋರಿಸಿವೆ. ವಾಸ್ತುಶಿಲ್ಪಿ ಫ್ರಾಂಕ್ ಗೆಹ್ರಿ 1969ರಿಂದ 1973ರವರೆಗೆ ರೂಪಿಸಿದ ‘ಈಸಿ ಎಡ್ಜಸ್’ ಪೀಠೋಪಕರಣಗಳಲ್ಲಿ ಪದರ ಪದರ ಜೋಡಿಸಿದ ರಟ್ಟಿನ ಕತ್ತರಿಸಿದ ಅಂಚೇ ಅಲಂಕಾರವಾಗಿ ಎದ್ದು ಕಾಣುತ್ತದೆ. ಅಂಚನ್ನು ಆತ ಮುಚ್ಚಲಿಲ್ಲ. ಜಪಾನಿನ ಶಿಗೇರು ಬಾನ್ 2001ರ ಭೂಕಂಪದ ಬಳಿಕ ಗುಜರಾತಿನ ಭುಜ್‌ನಲ್ಲಿ ಕಾಗದದ ಕೊಳವೆಗಳನ್ನು ನೆಟ್ಟಗೆ ನಿಲ್ಲಿಸಿ ಮನೆಯ ಗೋಡೆ ಕಟ್ಟಿದ. ತಳಪಾಯಕ್ಕೆ ಬಳಸಿದ್ದು ಬಿದ್ದ ಕಟ್ಟಡಗಳದೇ ಅವಶೇಷ. ಮುಂಬಯಿ ಕಡೆಯ ಆರಂಭ್ ಎಂಬ ಸ್ವಯಂಸೇವಾ ಸಂಸ್ಥೆ 2014ರ ಸುಮಾರಿಗೆ ಹಳೆಯ ಕಾರ್ಟನ್ ಕತ್ತರಿಸಿ ಮಡಚಿ, ನೆಲದ ಮೇಲೆ ಕೂತು ಬರೆಯುವ ಮಕ್ಕಳಿಗೆ ಶಾಲೆಚೀಲವೂ ಬರೆಯುವ ಮೇಜೂ ಆಗುವ ವಸ್ತು ಮಾಡಿಕೊಟ್ಟಿತು. ಖರ್ಚು ಹತ್ತು ರೂಪಾಯಿಯ ಆಸುಪಾಸು. ಈ ಮೂರರಲ್ಲಿ ಯಾವುದಕ್ಕೂ ರಟ್ಟನ್ನು ಬೇರೇನೋ ಎಂದು ತೋರಿಸುವ ಹಂಬಲವಿಲ್ಲ.

ಹವ್ಯಾಸವನ್ನು ಸಮರ್ಥಿಸುವವರ ಮಾತಿನಲ್ಲೂ ತಿರುಳಿದೆ. ಮಗ ಸೊಸೆ ಆಫೀಸಿಗೆ, ಮೊಮ್ಮಕ್ಕಳು ಶಾಲೆಗೆ ಹೋದ ಮೇಲೆ ಹನ್ನೆರಡನೇ ಮಹಡಿಯಲ್ಲಿ ಒಬ್ಬರೇ ಉಳಿಯುವ ಅಜ್ಜಿಗೆ ಬಣ್ಣದ ಕಾಗದ ಅಂಟಿಸುವ ಎರಡು ಗಂಟೆ ಸಮಾಧಾನದ ಸಮಯ. ಇಡೀ ದಿನ ಪರದೆಯ ಮುಂದೆ ಕೂತ ಕಣ್ಣಿಗೆ, ಕೈಗೆ ಕತ್ತರಿ ಹಿಡಿದ ಭಾನುವಾರ ಬಿಡುಗಡೆ. ಅದನ್ನು ಕಿತ್ತುಕೊಳ್ಳುವುದು ಯಾರ ಉದ್ದೇಶವೂ ಆಗಬಾರದು. ನವರಾತ್ರಿಯ ಗೊಂಬೆ ಹಬ್ಬಕ್ಕೆ ರಟ್ಟಿನ ಪೆಟ್ಟಿಗೆಗಳನ್ನು ಮೆಟ್ಟಿಲಾಗಿ ಜೋಡಿಸಿ ಮೇಲೆ ಬಿಳಿ ಪಂಚೆ ಹಾಸುವ ಮನೆಗಳು ಇವತ್ತಿಗೂ ಎಷ್ಟೋ ಇವೆ. ಹಬ್ಬ ಮುಗಿದ ಮೇಲೆ ಗೊಂಬೆಗಳು ಅದೇ ಪೆಟ್ಟಿಗೆಯೊಳಗೆ ಮಲಗುತ್ತವೆ. ಅಲ್ಲಿ ಸಂಭ್ರಮಕ್ಕೆ ಏನೂ ಕೊರತೆಯಿಲ್ಲ, ಒಂದು ಹನಿ ಬಿಸಿ ಅಂಟೂ ಇಲ್ಲ. ಬಣ್ಣ ಬೇಕೆಂದರೆ ಸುಣ್ಣ, ಕೆಮ್ಮಣ್ಣು, ನೀರಿನಲ್ಲಿ ಕರಗುವ ಪೋಸ್ಟರ್ ಬಣ್ಣ ಇವೆ. ಮಗುವಿನ ಕೈಯಲ್ಲಿ ಕೆಮ್ಮಣ್ಣಿನ ಮೇಲೆ ಬಿಳಿ ರಂಗೋಲಿಯ ಎಳೆ ಬರೆಸಿದರೆ ಗ್ಲಿಟರ್‌ಗಿಂತ ಅಂದವಾಗಿಯೇ ಕಾಣುತ್ತದೆ.

ತೀರ್ಪು ಕಠಿಣವಾಗಿರುವುದು ಪ್ರದರ್ಶನಗಳ ವಿಷಯದಲ್ಲಿ. ಶಾಲೆಗಳೂ ಅಪಾರ್ಟ್‌ಮೆಂಟ್ ಸಂಘಗಳೂ ಈಗ ನಡೆಸುತ್ತಿರುವ ಸ್ಪರ್ಧೆಗಳು ತಪ್ಪು ಗುಣಕ್ಕೆ ಅಂಕ ಕೊಡುತ್ತಿವೆ. ಪೆಟ್ಟಿಗೆ ಪೆಟ್ಟಿಗೆಯಂತೆ ಕಾಣದಿದ್ದಷ್ಟೂ ಹೆಚ್ಚು ಅಂಕ, ಸಾಮಗ್ರಿ ಹೆಚ್ಚಾದಷ್ಟೂ ಹೆಚ್ಚು ಚಪ್ಪಾಳೆ. ನಿಯಮ ಬದಲಿಸುವುದು ಕಷ್ಟವೇನಲ್ಲ. ಹೊಸದಾಗಿ ಕೊಂಡ ಸಾಮಗ್ರಿಗೆ ಅಂಕ ಕಳೆಯಲಿ. ಮೂರು ತಿಂಗಳು ಬಳಸಿದ ವಸ್ತುವನ್ನೇ ತರಬೇಕೆಂದು ಹೇಳಲಿ. ಜೂನಿನಲ್ಲಿ ಮಾಡಿಸಿ ಅಕ್ಟೋಬರಿನಲ್ಲಿ ತೀರ್ಪು ಕೊಟ್ಟರೆ ಮಳೆಗಾಲದ ಪರೀಕ್ಷೆಯೂ ಆದಂತೆ. ತೀರ್ಪುಗಾರರ ಸಾಲಿನಲ್ಲಿ ಕಲಾ ಶಿಕ್ಷಕರ ಪಕ್ಕದಲ್ಲೇ ವಾರ್ಡಿನ ಒಣತ್ಯಾಜ್ಯ ಕೇಂದ್ರದಲ್ಲಿ ದುಡಿಯುವ ಒಬ್ಬರಿಗೆ ಕುರ್ಚಿ ಹಾಕಿ, ಗೌರವಧನವನ್ನೂ ಕೊಡಲಿ. ಮೇಜಿನ ಮೇಲಿನ ಅಷ್ಟೂ ವಸ್ತುಗಳನ್ನು ಅವರ ಕೈಗಿತ್ತು, ಇವುಗಳಲ್ಲಿ ಯಾವುವು ರಟ್ಟಿನ ರಾಶಿಗೆ ಹೋಗುತ್ತವೆ ಎಂದು ಕೇಳಲಿ. ನೂರರಲ್ಲಿ ಐವತ್ತು ಅಂಕ ಅವರ ಉತ್ತರಕ್ಕೆ ಮೀಸಲಿರಲಿ.